ದೊಡ್ಡಬಸಮ್ಮನ ಕೈಗುಣ

ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಹಾಕುವ ಅಂಗಡಿಗಳ ಹಿಂದಿನ ಸಂದಿಯಲ್ಲಿ, ಐವತ್ತೆರಡನೇ ಇಸವಿಯ ಸುಮಾರಿಗೆ, ಮಗ ಸೊಸೆಯ ಜೊತೆ ಹಳ್ಳಿಯಿಂದ ಬಂದು ನೆಲೆಸಿದ ಒಬ್ಬ ಮುದುಕಿ ಇದ್ದಳು. ಮಧ್ಯಾಹ್ನದ ಊಟ ಮುಗಿದು ಸಂದಿಗೆ ಸಂದಿಯೇ ತೂಕಡಿಸುವ ಹೊತ್ತಿಗೆ ಆಕೆ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ನೆರೆಮನೆಗಳ ಪುಟ್ಟ ಮಕ್ಕಳ ನಿದ್ದೆ ಕೆಡಿಸುತ್ತಿದ್ದಳು. ಒಂದು ಸಣ್ಣ ಕೋಳಿನಿದ್ದೆಗೆ ಬಿಡುತ್ತಿದ್ದಳು, ಆಮೇಲೆ ಇಲ್ಲ. ಕೆನ್ನೆ ತಟ್ಟುವಳು, ಅಂಗಾಲು ಕೆರೆಯುವಳು, ಅದಕ್ಕೂ ಏಳದಿದ್ದರೆ ತಗಡಿನ ಡಬ್ಬಿ ಬಡಿಯುವಳು. ಮೊದಮೊದಲು ತಾಯಂದಿರು ಬೈದರು. ಪಕ್ಕದ ಮನೆಯ ಸಾಬರ ಹೆಂಗಸಂತೂ ಈ ಬುಡ್ಢಿಗೆ ತಲೆ ಕೆಟ್ಟಿದೆ ಎಂದು ಸಂದಿಗೆಲ್ಲ ಸಾರಿದಳು. ಆಮೇಲೆ ಅವಳೇ ತನ್ನ ಮಗನನ್ನು ತಂದು ಮುದುಕಿಯ ಮುಂದೆ ಕೂರಿಸಿ ಹೋಗತೊಡಗಿದಳು. ಮಧ್ಯಾಹ್ನವಿಡೀ ಆ ಹೊಸ್ತಿಲಲ್ಲಿ ಹೊರಳಾಡಿದ ಮಗು ದೀಪ ಹಚ್ಚುವ ಹೊತ್ತಿಗೆ ಬಿದ್ದುಕೊಂಡರೆ ಕೋಳಿ ಕೂಗುವವರೆಗೆ ಮಗ್ಗುಲು ಬದಲಿಸುತ್ತಿರಲಿಲ್ಲ.

ಆಕೆಯ ಹೆಸರು ದೊಡ್ಡಬಸಮ್ಮ. ಇದೇ ದೊಡ್ಡಬಸಮ್ಮ ಒಂದು ಕಾಲಕ್ಕೆ ಸಿರುಗುಪ್ಪದ ಸೀಮೆಯಲ್ಲಿ ಮಕ್ಕಳನ್ನು ಹಗಲಿಡೀ ಮಲಗಿಸುವುದಕ್ಕೇ ಹೆಸರಾಗಿದ್ದಳು ಎಂದು ಹೇಳಿದ್ದರೆ ಕೌಲ್ ಬಜಾರಿನ ಒಬ್ಬರೂ ನಂಬುತ್ತಿರಲಿಲ್ಲ. ಆಕೆಯೂ ಹೇಳಿಕೊಳ್ಳುತ್ತಿರಲಿಲ್ಲ ಅನ್ನಿ.

ಹುಟ್ಟಿದ್ದು ಕುರುಗೋಡಿನಲ್ಲಿ. ಊರ ದೊಡ್ಡಬಸವಣ್ಣನ ಹೆಸರನ್ನೇ ಇಟ್ಟಿದ್ದರು. ಆ ಬಸವಣ್ಣನ ಹಾಗೆಯೇ ಕೂತರೆ ಕೂತಲ್ಲಿಂದ ಅಲುಗದ ಹಟ ಎಂದು ಅಣ್ಣತಮ್ಮಂದಿರು ರೇಗಿಸುತ್ತಿದ್ದರು. ಬಂಡೆಗುಡ್ಡಗಳ ನಡುವೆ ಜೋಳ, ಹತ್ತಿ ನೋಡಿ ಬೆಳೆದ ಹುಡುಗಿಯನ್ನು ಸಿರುಗುಪ್ಪದ ಹತ್ತಿರದ ದೇಶನೂರಿನ ಸುಂಕಪ್ಪನಿಗೆ ಕೊಟ್ಟರು. ಕಾಲುವೆಯ ನೀರು ಹೊಲದಲ್ಲಿ ಮೊಣಕಾಲುದ್ದ ನಿಂತಿರುವುದನ್ನು ಅವಳು ಮೊದಲು ಕಂಡದ್ದು ಮದುವೆಯಾಗಿ ಬಂದ ಮೇಲೆ. ಯಾರೋ ಮರೆತು ಬಿಟ್ಟ ನೀರು, ಹೋಗಿ ಕಟ್ಟಿ ಎಂದು ಗಂಡನಿಗೆ ಹೇಳಿ ನಗೆಪಾಟಲಾದಳು. ಆ ನಗೆಯ ಸೇಡು ತೀರಿಸಿಕೊಳ್ಳಲೋ ಎಂಬಂತೆ ಭತ್ತದ ನಾಟಿ ಕಲಿತಳು, ಎರಡೇ ಮಳೆಗಾಲದಲ್ಲಿ ಊರ ಹೆಂಗಸರನ್ನೆಲ್ಲ ಹಿಂದೆ ಹಾಕಿದಳು. ಸುಂಕಪ್ಪ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ಮಗ ಚಿನ್ನಪ್ಪನನ್ನು ಆ ನಾಟಿಯ ಕೂಲಿಯಲ್ಲೇ ಸಾಕಿ ದೊಡ್ಡವನನ್ನು ಮಾಡಿದಳು.

ಒಂದು ವರ್ಷ ಸಸಿಯ ಕಟ್ಟು ಹೊತ್ತು ಬದುವಿನ ಮೇಲೆ ಬರುವಾಗ ಜಾರಿ ಬಿದ್ದಳು. ಸೊಂಟ ಹೋಯಿತು. ನಡೆಯಬಹುದು, ಕೂರಬಹುದು, ಬಗ್ಗುವಂತಿಲ್ಲ. ಬಗ್ಗಲಾರದವಳಿಗೆ ನಾಟಿಯ ಗುಂಪಿನಲ್ಲಿ ಏನು ಕೆಲಸ? ಗುಂಪಿನ ಮುಂದಾಳು ಹನುಮಮ್ಮ ಬಾಯಿ ಜೋರಿನ ಹೆಂಗಸು, ಕರುಳು ಮೆತ್ತಗಿನವಳು. ಹಳೆಯ ಗೆಳತಿಯನ್ನು ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. "ನೀನು ಕೂಸುಗಳನ್ನ ನೋಡ್ಕೋ. ಮಕ್ಕಳಿದ್ದೋರು ತಮ್ಮ ಕೂಲಿ ಭತ್ತದಾಗ ನಿನಗೊಂದು ಬೊಗಸಿ ಹಾಕ್ತಾರ," ಅಂದಳು. ದೊಡ್ಡಬಸಮ್ಮನ ಹೊಟ್ಟೆ ನಡೆದದ್ದು ಆ ಬೊಗಸೆಗಳಿಂದ.

ಹಿಡಿದ ಕೆಲಸವನ್ನು ಅರ್ಧಂಬರ್ಧ ಮಾಡುವ ಜಾತಿಯಲ್ಲ ಅವಳು. ಗದ್ದೆಯ ಬದುವಿನ ಮೇಲೆ ಒಂದು ಹೊಂಗೆ ಮರ. ಅದರ ಕೊಂಬೆಗಳಿಗೆ ಹಳೆಯ ಸೀರೆಗಳ ಜೋಲಿ ಕಟ್ಟಿದಳು, ಮಗುವಿಗೊಂದು. ಒಂದು ಜೋಲಿಯಿಂದ ಇನ್ನೊಂದಕ್ಕೆ ಹಗ್ಗ ಹಾಯಿಸಿ, ಅದರ ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಳು. ಕಾಲು ಒಮ್ಮೆ ಆಡಿಸಿದರೆ ಸಾಕು, ಎಲ್ಲ ಜೋಲಿಗಳೂ ಒಟ್ಟಿಗೆ ತೂಗುತ್ತಿದ್ದವು. ಬೆಳಿಗ್ಗೆ ಬಂದ ಕೂಡಲೇ ನೆತ್ತಿಗೆ ಹರಳೆಣ್ಣೆ ಒತ್ತಿ ಜೋಲಿಗೆ ಹಾಕುವಳು. ಯಾವುದಾದರೂ ಮಗು ಮುಖ ಕಿವುಚಿತೋ ಇಲ್ಲವೋ, ಕಾಲು ಆಡುತ್ತಿತ್ತು. ಅದು ಬಾಯಿ ತೆರೆಯುವ ಮೊದಲೇ ಮತ್ತೆ ನಿದ್ದೆಗೆ ಜಾರುತ್ತಿತ್ತು. ತಾಯಂದಿರು ಹಾಲೂಡಿಸಲು ಬಂದಾಗ ಅರೆಗಣ್ಣಿನಲ್ಲೇ ಕುಡಿದು ಮತ್ತೆ ಮಲಗುತ್ತಿದ್ದವು. ಅಫೀಮಿನ ಚೂರು ನೆಕ್ಕಿಸಿ ಮಲಗಿಸುವ ಹೆಂಗಸರು ಆಗ ಇಲ್ಲದಿರಲಿಲ್ಲ. ದೊಡ್ಡಬಸಮ್ಮ ಅದನ್ನು ಮುಟ್ಟಿದವಳಲ್ಲ. "ನನ್ನ ಕೈಗುಣನ ಅಂಥಾದ್ದು," ಎಂದು ಬಿಗುಮಾನದಿಂದ ಹೇಳುತ್ತಿದ್ದಳು.

ಮಕ್ಕಳು ಅಳದ ಗುಂಪು ಎಂದು ಹನುಮಮ್ಮನ ಗುಂಪಿಗೆ ಹೆಸರು ಬಂತು. ಬೇರೆ ಗುಂಪಿನ ತಾಯಂದಿರು ಘಳಿಗೆಗೊಮ್ಮೆ ಕೆಸರು ಕಾಲಿನಲ್ಲಿ ಬದುವಿಗೆ ಓಡಿದರೆ ಇವರು ತಲೆ ಎತ್ತದೆ ಸಸಿ ಊರುತ್ತಿದ್ದರು. ಸಿರುಗುಪ್ಪದ ಜಮೀನುದಾರರು ನಾಟಿಗೆ ಮೊದಲು ಹೇಳಿ ಕಳಿಸುತ್ತಿದ್ದದ್ದು ಇವರಿಗೇ. ಹನುಮಮ್ಮನ ಕಣ್ಣಲ್ಲಿ ದೊಡ್ಡಬಸಮ್ಮ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೆ.

ಸ್ವಾತಂತ್ರ್ಯ ಬಂದ ಮರುವರ್ಷ. ಚಿನ್ನಪ್ಪ ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದ, ಹಬ್ಬಕ್ಕೋ ಹುಣ್ಣಿಮೆಗೋ ಬಂದು ಮುಖ ತೋರಿಸುತ್ತಿದ್ದ. ಮನೆಯಲ್ಲಿ ಅತ್ತೆ, ಸೊಸೆ ಮತ್ತು ವರ್ಷ ತುಂಬುತ್ತ ಬಂದ ಮೊಮ್ಮಗಳು ಸುಂಕಲಮ್ಮ. ಸೊಸೆ ಜಡೆಮ್ಮ ಕೊಳಗಲ್ಲಿನ ಹುಡುಗಿ, ಮಾತು ಕಡಿಮೆ, ಕೆಲಸದಲ್ಲಿ ಚುರುಕು. ಅವಳೂ ಹನುಮಮ್ಮನ ಗುಂಪಿನಲ್ಲೇ ನಾಟಿಗೆ ಹೋಗುತ್ತಿದ್ದಳು, ಮಗು ಅಜ್ಜಿಯ ಜೋಲಿಯಲ್ಲಿ.

ಸುಂಕಲಮ್ಮ ಹಗಲಿಡೀ ಬಂಗಾರದಂಥ ಕೂಸು. ದೀಪ ಹಚ್ಚಿದರೆ ಮಾತ್ರ ಅದರ ದಿನ ಶುರುವಾಗುತ್ತಿತ್ತು. ನಗುವುದು, ತೆವಳುವುದು, ಪಾತ್ರೆ ಎಳೆಯುವುದು, ಕತ್ತಲಲ್ಲಿ ಕೂರಿಸಿದರೆ ಕಿರುಚುವುದು. ಜಡೆಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಿ ತಿರುಗಿ ಬೆಳಗು ಮಾಡುತ್ತಿದ್ದಳು. ದೊಡ್ಡಬಸಮ್ಮನಿಗೆ ಒಂದು ಕಿವಿ ಮಂದ. ಆಕೆ ಚುರುಕಿನ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಮನೆಯ ಮೇಲೆ ಮನೆ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಸೊಸೆಯ ಕೆಂಪು ಕಣ್ಣು ನೋಡಿ, "ಹಗಲೆಲ್ಲ ನನ್ನ ಹಂತೇಲಿ ಉಸುರು ಎತ್ತಂಗಿಲ್ಲ, ನಿನ್ನ ಕೈಗೆ ಬಂದ ಕೂಡ್ಲೆ ಊರು ಎಬ್ಬಸತೈತಿ. ನಿನ್ನ ಕೈಗುಣ ಸರಿ ಇಲ್ಲ, ಜಡೆಮ್ಮ," ಅನ್ನುವಳು.

ಜಡೆಮ್ಮ ಅದನ್ನು ನಂಬಿದಳು. ನಂಬದೆ ಏನು ಮಾಡುತ್ತಾಳೆ? ಕಣ್ಣೆದುರಿಗೇ ಕಾಣುತ್ತಿತ್ತಲ್ಲ. ದೃಷ್ಟಿ ತೆಗೆದಳು, ಕುರುಗೋಡಿನ ಬಸವಣ್ಣನ ವಿಭೂತಿ ತರಿಸಿ ಹಚ್ಚಿದಳು, ಕೂಸು ಮಲಗುವ ದಿಕ್ಕು ಬದಲಿಸಿದಳು. ಬರುಬರುತ್ತ ಮಗುವನ್ನು ಎತ್ತಿಕೊಳ್ಳುವ ಮೊದಲು ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಳ್ಳುವಷ್ಟು ಆ ಮಾತು ಅವಳ ಒಳಗೆ ಇಳಿದಿತ್ತು.

ಒಂದು ದಿನ ನಾಟಿಯ ಸಾಲಿನಲ್ಲಿ ಬಗ್ಗಿದ್ದವಳು ಬಗ್ಗಿದ ಹಾಗೆಯೇ ನಿದ್ದೆ ಹೋಗಿ ಮುಖ ಅಡಿಯಾಗಿ ಕೆಸರು ನೀರಿಗೆ ಬಿದ್ದಳು. ಪಕ್ಕದ ಸಾಲಿನ ಪಕ್ಕೀರಮ್ಮ ಜುಟ್ಟು ಹಿಡಿದು ಎತ್ತದಿದ್ದರೆ ಕಷ್ಟವಿತ್ತು. ಮೈ ಸುಡುತ್ತಿತ್ತು. ಎಲ್ಲರೂ ಬದುವಿಗೆ ಬಂದರು. ದೊಡ್ಡಬಸಮ್ಮನಿಗೆ ಗಾಬರಿಯಾಗಿತ್ತು. ಗಾಬರಿಯಾದಾಗ ಬೈಯುವ ಕೆಟ್ಟ ಸ್ವಭಾವ ಆಕೆಯದು. "ಒಂದು ಕೂಸು ಮಲಗಿಸಾಕ ಬರದಾಕಿ, ತಾನ ಗದ್ದ್ಯಾಗ ಮಲಗ್ಯಾಳ! ಇಕಿ ಕೈಗುಣನ ಸರಿ ಇಲ್ರೆವ್ವ. ಇಕಿ ಕೈಯಾಗ ಇದ್ರ ನನ್ನ ಮೊಮ್ಮಗಳು ಉಳಿಯಂಗಿಲ್ಲ. ಹೋಗಲಿ, ತವರಿಗೆ ಹೋಗಲಿ. ಕೂಸನ್ನ ನಾ ನೋಡ್ಕೊಂತೀನಿ."

ಗುಂಪಿಗೆ ಗುಂಪೇ ಕೇಳಿಸಿಕೊಂಡಿತು. ಕೊಳಗಲ್ಲಿನಿಂದ ಅಣ್ಣ ಮೈಲಾರಪ್ಪ ಗಾಡಿ ಕಟ್ಟಿಕೊಂಡು ಬಂದ. ಜ್ವರದ ತಂಗಿಯನ್ನು ಗಾಡಿಯಲ್ಲಿ ಕೂರಿಸಿ, ಮಗುವನ್ನು ಬಿಟ್ಟು, ಅಂಗಳದಲ್ಲಿ ನಿಂತು ಹೇಳಿದ: "ನನ್ನ ತಂಗೀನ ಎಲ್ರ ಮುಂದ ಅಂದೀರಿ. ಆ ಮಾತು ಹಿಂದಕ್ಕ ತಗೊಳ್ಳೋಮಟ ಆಕಿ ಈ ಮನಿ ಮೆಟ್ಲು ಹತ್ತಂಗಿಲ್ಲ. ಚಿನ್ನಪ್ಪ ಬರಲಿ, ಮಾತಾಡಿ ಕೂಸನ್ನೂ ಒಯ್ತೀವಿ." ದೊಡ್ಡಬಸಮ್ಮ ಒಯ್ಯಿರಿ ನೋಡೋಣ ಎನ್ನುವ ಹಾಗೆ ಮೊಮ್ಮಗಳನ್ನು ಎದೆಗೆ ಅವಚಿಕೊಂಡಳು.

ಅಂದಿನಿಂದ ರಾತ್ರಿಯ ಮಗುವೂ ಅವಳದೇ ಆಯಿತು. ಮೊದಲ ರಾತ್ರಿ ಮಂದ ಕಿವಿ ಏನೂ ಸಹಾಯಕ್ಕೆ ಬರಲಿಲ್ಲ, ಏಕೆಂದರೆ ಮಗು ಕಿವಿಯನ್ನೇ ಹಿಡಿದು ಎಳೆಯುತ್ತಿತ್ತು. ಮೂಗಿಗೆ ಬೆರಳು ಹಾಕಿತು, ಎದೆಯ ಮೇಲೆ ಹತ್ತಿ ಕುಣಿಯಿತು, ಅಮ್ಮನನ್ನು ಹುಡುಕಿ ಅತ್ತಿತು, ಆಮೇಲೆ ಮತ್ತೆ ನಕ್ಕಿತು. ಹರಳೆಣ್ಣೆ ಒತ್ತಿದಳು, ಜೋಲಿ ಕಟ್ಟಿ ತೂಗಿದಳು. ಹೆಸರುವಾಸಿಯಾದ ಕೈಗುಣವನ್ನೆಲ್ಲ ಸುರಿದಳು. ಸುಂಕಲಮ್ಮ ಜೋಲಿಯ ಅಂಚಿನಿಂದ ಇಣುಕಿ ಹಲ್ಲು ತೋರಿಸಿತು. ಮರುರಾತ್ರಿಯೂ ಅದೇ ಪಾಡು. ಅದರ ಮರುರಾತ್ರಿ ಅಂಗಳದಲ್ಲಿ ಮಗುವನ್ನು ಹೊತ್ತು ತಿರುಗುವಾಗ, ನೆಲದಲ್ಲಿ ಜಡೆಮ್ಮನ ಕಾಲು ಸವೆಸಿದ ದಾರಿ ದೊಡ್ಡಬಸಮ್ಮನ ಕಾಲಿಗೆ ಸಿಕ್ಕಿತು. ಬಾವಿಕಟ್ಟೆಯಿಂದ ಬಾಗಿಲಿಗೆ, ಬಾಗಿಲಿನಿಂದ ಬಾವಿಕಟ್ಟೆಗೆ ನೆಲ ನುಣುಪಾಗಿತ್ತು. ಎಷ್ಟು ತಿಂಗಳು ನಡೆದಿರಬೇಕು ಆ ಹುಡುಗಿ! ಆಕೆಗೆ ಮೊದಲ ಸಲ ನಾಚಿಕೆಯಾಯಿತು. ಆದರೂ ಕಾರಣ ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ತಾನೇ ತೂಕಡಿಸಿದ ಮೇಲೆ. ಒಂದು ವಾರದ ನಿದ್ದೆಗೇಡು ಒಂದು ದಿನ ಮುಂಜಾನೆಯೇ ಹೊಂಗೆ ಮರದ ಬುಡದಲ್ಲಿ ಅವಳನ್ನು ಉರುಳಿಸಿತು. ಹೆಬ್ಬೆರಳು ನಿಂತಿತು, ಜೋಲಿಗಳು ನಿಂತವು. ಒಂದೊಂದಾಗಿ ಮಕ್ಕಳು ಎದ್ದವು. ಜೋಲಿಗಳು ನೆಲದಿಂದ ಗೇಣಿನಷ್ಟೇ ಎತ್ತರ. ಅಂಬೆಗಾಲಿಡುವವು ತೆವಳಿಕೊಂಡು ಹೊರಗೆ ಬಂದವು, ಬರಲಾಗದವು ಮಲಗಿದಲ್ಲೇ ರಾಗ ತೆಗೆದವು. ಪಕ್ಕೀರಮ್ಮನ ಮಗ ಮಣ್ಣು ತಿಂದ. ಸುಂಕಲಮ್ಮ ಬುತ್ತಿಯ ಗಂಟು ಬಿಚ್ಚಿ ಹನುಮಮ್ಮನ ರೊಟ್ಟಿಯನ್ನೆಲ್ಲ ಇರುವೆಗಳಿಗೆ ಹಂಚಿತು. ತಾಯಂದಿರು ಸಾಲು ಬಿಟ್ಟು ಓಡಿ ಬಂದರು. ಆ ದಿನ ಮತ್ತೆ ಒಂದು ಮಗುವನ್ನೂ ಜೋಲಿಗೆ ಹಾಕಲಾಗಲಿಲ್ಲ, ಸಂಜೆಯವರೆಗೂ ಬದುವಿನ ಮೇಲೆ ಸಂತೆಯೇ ಸಂತೆ. ನಾಟಿ ಅರ್ಧಕ್ಕೆ ನಿಂತಿತು. ಹನುಮಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು, "ಗೆಳತಿ ಅಂತ ಇವತ್ತು ಬಿಟ್ಟೀನಿ. ಇನ್ನೊಂದು ದಿನ ಹಿಂಗಾದ್ರ ನಿನ್ನ ಬೊಗಸಿ ಭತ್ತ ಮರ್ತುಬಿಡು," ಅಂದಳು.

ದೊಡ್ಡಬಸಮ್ಮ ತಲೆ ತಗ್ಗಿಸಿ ಮನೆಗೆ ಬಂದಳು. ಮಗುವಿಗೆ ಹಾಲು ರೊಟ್ಟಿ ಕಲಸಿ ತಿನ್ನಿಸುತ್ತಿದ್ದರೆ ಅರ್ಧ ತುತ್ತು ಬಾಯಲ್ಲಿರುವಂತೆಯೇ ಅದರ ಕತ್ತು ಒಂದು ಕಡೆ ವಾಲಿತು. ಬೆರಳಿನಿಂದ ತುತ್ತು ತೆಗೆದು ಮಲಗಿಸಿದಳು. ಈಗ ಏಳುತ್ತದೆ, ಆಗ ಏಳುತ್ತದೆ ಎಂದು ಕಾದು ಕಾದು ತಾನೂ ಮಲಗಿದಳು. ಇಬ್ಬರಿಗೂ ಎಚ್ಚರವಾದದ್ದು ಬಿಸಿಲು ಬಾಗಿಲಿಗೆ ಬಂದ ಮೇಲೆ.

ಮರುದಿನ ಗದ್ದೆಗೆ ಬಂದ ತಾಯಂದಿರ ಮುಖ ನೋಡಿದಳು. ಪಕ್ಕೀರಮ್ಮನ ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು. ಈರಮ್ಮ ಎಂದೂ ಹಾಡದವಳು, ಸಸಿ ಕೀಳುತ್ತ ಏನೋ ಗುನುಗುತ್ತಿದ್ದಳು. ದೊಡ್ಡಬಸಮ್ಮ ಹಗ್ಗ ಹಿಡಿದುಕೊಂಡು ನಿಂತಳು. ಇಷ್ಟು ವರ್ಷ ತಾನು ಈ ಹೆಂಗಸರ ಮಕ್ಕಳಿಗೆ ನಿದ್ದೆ ಕೊಟ್ಟದ್ದಲ್ಲ, ರಾತ್ರಿಯದನ್ನು ಕಿತ್ತು ಹಗಲಿಗೆ ಹಾಕಿದ್ದು ಅಷ್ಟೆ. ಹೆಸರು ತನಗೆ ಬಂತು, ಬೈಗುಳ ತಾಯಂದಿರಿಗೆ ಹೋಯಿತು.

ಆದರೂ ಆ ದಿನ ಬಾಯಿ ಬಿಡಲಿಲ್ಲ. ಬೊಗಸೆ ಭತ್ತದ ಯೋಚನೆ ಬಂತು, ಹನುಮಮ್ಮನ ಮುಖ ಕಣ್ಣೆದುರಿಗೆ ಬಂತು. ಹೆಬ್ಬೆರಳಿಗೆ ಹಗ್ಗ ಸುತ್ತಿಕೊಂಡು ಕೂತಳು, ಮಕ್ಕಳು ಮಲಗಿದವು. ಆ ರಾತ್ರಿ ಸುಂಕಲಮ್ಮ ಕತ್ತಲಲ್ಲಿ ಕೂತು ಅವ್ವ ಅವ್ವ ಎಂದು ಬಾಗಿಲ ಕಡೆ ಕೈ ಚಾಚಿದಾಗ ಅವಳ ಹಟವೆಲ್ಲ ಇಳಿದುಹೋಯಿತು.

ಬೆಳಿಗ್ಗೆ ಮಗುವನ್ನು ಕಂಕುಳಿಗೆ ಏರಿಸಿಕೊಂಡು ಸಿರುಗುಪ್ಪಕ್ಕೆ ನಡೆದಳು, ಬಸ್ಸು ಹಿಡಿದು ಬಳ್ಳಾರಿಗೆ ಬಂದಳು, ಅಲ್ಲಿಂದ ಯಾರದೋ ಹತ್ತಿಯ ಗಾಡಿ ಹತ್ತಿ ಕೊಳಗಲ್ಲು ಸೇರಿದಳು. ಅತ್ತೆಯೇ ಹೋಗಿ ಸೊಸೆಯನ್ನು ಕರೆಯುವುದು ಆ ಕಾಲಕ್ಕೆ ಇರದ ಮಾತು. ಜಡೆಮ್ಮ ಜ್ವರ ಬಿಟ್ಟು ಎದ್ದಿದ್ದಳು. ಮಗುವನ್ನು ಕಂಡು ಎರಡು ಹೆಜ್ಜೆ ಓಡಿ ಬಂದವಳು ಹತ್ತಿರ ಬಂದು ನಿಂತುಬಿಟ್ಟಳು. ಕೈ ಮುಂದೆ ಬರಲಿಲ್ಲ. ಅದನ್ನು ನೋಡಿ ದೊಡ್ಡಬಸಮ್ಮ ತಾನೇ ಮಗುವನ್ನು ಮುಂದೆ ಚಾಚಿದಳು.

"ಎತ್ಕಳವ್ವ, ನಿನ್ನ ಕೂಸು," ಅಂದಳು.

"ನನ್ನ ಕೈಗುಣ ಸರಿ ಇಲ್ಲ ಅಂದೀರಲ್ರೀ ಅತ್ತಿ."

"ಅಂದೆ. ತಪ್ಪಾತು. ತಪ್ಪು ನನ್ನದು. ಹಗಲೆಲ್ಲ ತೂಗಿ ತೂಗಿ ಮಲಗಿಸ್ತಿದ್ದೆ, ರಾತ್ರಿಗೆ ಅದಕ್ಕ ನಿದ್ದಿ ಎಲ್ಲಿಂದ ಬರ್ಬೇಕು? ಮನಿಗೆ ಬಾ."

ಜಡೆಮ್ಮ ಮಗುವನ್ನು ತೆಗೆದುಕೊಂಡಳು, ಅದರ ಕತ್ತಿನಲ್ಲಿ ಮುಖ ಹುದುಗಿಸಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಎಂದೂ ಎದುರು ಮಾತಾಡದ ಹುಡುಗಿ ಹೇಳಿದಳು: "ಇಲ್ಲಿ ಯಾರೂ ಇಲ್ಲ, ನಾವಿಬ್ರ ಅದೀವಿ. ಬದುವಿನ ಮ್ಯಾಲ ಎಲ್ರ ಮುಂದ ಅಂದಿದ್ರಿ. ಅಲ್ಲೇ ಅನ್ರಿ. ಅಂದ್ರ ಬರ್ತೀನಿ."

ಅಲ್ಲಿ ಅಂದರೆ ಏನಾಗುತ್ತದೆ ಎಂದು ದೊಡ್ಡಬಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹೆಸರು ಹೋಗುತ್ತದೆ. ಮಕ್ಕಳು ಎಚ್ಚರವಿದ್ದರೆ ನಾಟಿ ನಿಧಾನವಾಗುತ್ತದೆ, ಹನುಮಮ್ಮ ಬೊಗಸೆ ನಿಲ್ಲಿಸುತ್ತಾಳೆ. ಬಗ್ಗಲಾಗದ ಮುದುಕಿಗೆ ಬೇರೆ ಯಾವ ಕೆಲಸವೂ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಡಿ," ಅಂದಳು.

ಮರುದಿನ ಮೂವರೂ ಗದ್ದೆಗೆ ಬಂದಾಗ ಗುಂಪು ಆಗಲೇ ಸಾಲು ಹಿಡಿದಿತ್ತು. ಯಾರೂ ನೋಡುವವರಿಲ್ಲದೆ ಮಕ್ಕಳು ಬದುವಿನ ಮೇಲೆ ಅಳುತ್ತಿದ್ದವು. "ಬಂದ್ಯಾ ತಾಯಿ! ಎಲ್ಲಿ ಹಾಳಾಗಿ ಹೋಗಿದ್ದಿ? ಲಗೂನ ಮಲಗಿಸು," ಎಂದು ಹನುಮಮ್ಮ ಕೂಗಿದಳು. ದೊಡ್ಡಬಸಮ್ಮ ಮಲಗಿಸಲಿಲ್ಲ. ಜೋಲಿಯಿಂದ ಜೋಲಿಗೆ ಹಾಯಿಸಿದ ಹಗ್ಗವನ್ನು ಒಂದೊಂದೇ ಗಂಟು ಬಿಚ್ಚಿ ತೆಗೆದು ಕೈಗೆ ಸುತ್ತಿಕೊಂಡಳು.

"ಎಲ್ರೂ ಕೇಳ್ರಿ," ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಸಣ್ಣದಾಗಿತ್ತು, ಇನ್ನೊಮ್ಮೆ ಕೂಗಿದಳು. "ಅವತ್ತು ಇಲ್ಲೇ ನಿಂತು ನನ್ನ ಸೊಸಿ ಕೈಗುಣ ಸರಿ ಇಲ್ಲ ಅಂದೆ. ಸುಳ್ಳು. ಆಕಿ ಕೈಯಾಗ ಏನೂ ತಪ್ಪಿಲ್ಲ. ಕೂಸನ್ನ ಹಗಲೆಲ್ಲ ಮಲಗಿಸಿ ರಾತ್ರಿ ನಿದ್ದಿ ಕೆಡಿಸಿದಾಕಿ ನಾನು. ಇನ್ನ ಮ್ಯಾಲ ಮಧ್ಯಾಹ್ನ ಒಂದು ಚೂರು ಮಲಗಿಸ್ತೀನಿ, ಉಳಿದ ಹೊತ್ತು ಎದ್ದಿರ್ತಾವ. ಅತ್ರ ಅಳ್ತಾವ. ಈ ಹಗ್ಗ ಮರಕ್ಕ ಕಟ್ಟಿ, ತೆವಳೋವನ್ನ ಕರುವಿನಂಗ ಸೊಂಟಕ್ಕ ಬಟ್ಟಿ ಸುತ್ತಿ ಬಿಗೀತೀನಿ, ನೀರಿಗೆ ಹೋಗಂಗಿಲ್ಲ. ಬ್ಯಾಡ ಅಂದ್ರ ಬಿಡ್ರಿ. ಮನಿಗೆ ಹೋಗ್ತೀನಿ."

ಹನುಮಮ್ಮನ ಬಾಯಿ ತೆರೆದುಕೊಂಡಿತು. "ತಲಿ ಕೆಟ್ಟೈತೇನ್ ನಿನಗ? ನಾಟಿ ಗತಿ ಏನು?" ಎಂದು ಶುರುಮಾಡಿದವಳು ಪೂರ್ತಿ ಹೇಳಲಿಲ್ಲ. ಸಾಲಿನಲ್ಲಿದ್ದ ತಾಯಂದಿರು ಸಸಿ ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಷ್ಟು ದಿನ ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ.

"ನಮ್ಮ ಮನ್ಯಾಗೂ ರಾತ್ರಿ ಹಂಗ," ಅಂದಳು ಈರಮ್ಮ ಮೆಲ್ಲಗೆ. "ನಮ್ಮತ್ತಿ, ಆ ದೊಡ್ಡಬಸಮ್ಮನ್ನ ನೋಡಿ ಕಲ್ತ್ಕ, ಅಂತ ದಿನಾ ಅಂತಾಳ."

ಪಕ್ಕೀರಮ್ಮ ಸಸಿಯ ಹಿಡಿಯನ್ನು ನೀರಿಗೆ ಬಿಟ್ಟು ಸೊಂಟ ನೆಟ್ಟಗೆ ಮಾಡಿ ನಿಂತಳು. ಮೂರು ಮಕ್ಕಳ ತಾಯಿ ಆಕೆ, ಮೂರೂ ದೊಡ್ಡಬಸಮ್ಮನ ಜೋಲಿಯಲ್ಲೇ ಬೆಳೆದವು. ಕೆಸರು ಮೆತ್ತಿದ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು, ತಿರುಗಿಸಿ ನೋಡಿ, ಕೇಳಿದಳು:

"ಹಂಗಾರ ನನ್ನ ಕೈನೂ ಸರಿ ಐತೇನಬೇ?"

ದೊಡ್ಡಬಸಮ್ಮ ಹೌದು ಎಂದು ತಲೆಯಾಡಿಸಿದಳು. ಜಡೆಮ್ಮ ಸುಂಕಲಮ್ಮನನ್ನು ತಂದು ಅತ್ತೆಯ ಮಡಿಲಲ್ಲಿ ಕೂರಿಸಿ, ಸೀರೆ ಎತ್ತಿ ಕಟ್ಟಿ, ಗದ್ದೆಗೆ ಇಳಿದಳು.